ಪ್ಲೇಗ್ ಲಸಿಕೆಯ ಹಾಫ್‌ಕಿನ್: ಮೊದಲ ಸೂಜಿ ತನಗೇ, ಕೊನೆಗೆ ತಪ್ಪೂ ತನ್ನ ತಲೆಗೇ

ಪರೇಲ್ ಎಂದರೆ ಕರಾವಳಿಯ ಜನರಿಗೆ ಮೊದಲು ನೆನಪಾಗುವುದು ಟಾಟಾ ಆಸ್ಪತ್ರೆ. ಕಾಸರಗೋಡು, ಉಪ್ಪಳ, ಮಂಗಳೂರು ಕಡೆಯಿಂದ ಎಷ್ಟೋ ಮನೆಯವರು ರಿಪೋರ್ಟುಗಳ ಫೈಲು ಹಿಡಿದುಕೊಂಡು ಅಲ್ಲಿಗೆ ಹೋಗಿ ಬಂದಿದ್ದಾರೆ. ಅದೇ ಆಸ್ಪತ್ರೆಯ ಹತ್ತಿರ ಒಂದು ಹಳೆಯ ದೊಡ್ಡ ಕಟ್ಟಡ ಉಂಟು. ಒಂದು ಕಾಲದಲ್ಲಿ ಅದು ಬೊಂಬಾಯಿ ಗವರ್ನರರ ನಿವಾಸ. ಈಗ ಅದರ ಹೆಸರು ಹಾಫ್‌ಕಿನ್ ಇನ್‌ಸ್ಟಿಟ್ಯೂಟ್. ಹೆಸರು ಓದಿದವರಲ್ಲಿ ಹೆಚ್ಚಿನವರು ಇದು ಯಾವುದೋ ಬ್ರಿಟಿಷ್ ದೊರೆಯ ಹೆಸರಿರಬೇಕು ಎಂದುಕೊಂಡು ಮುಂದೆ ಹೋಗುತ್ತಾರೆ.

ವಾಲ್ಡೆಮಾರ್ ಹಾಫ್‌ಕಿನ್ ದೊರೆಯೂ ಅಲ್ಲ, ಹುಟ್ಟಿನಿಂದ ಬ್ರಿಟಿಷರೂ ಅಲ್ಲ. ವೈದ್ಯಕೀಯ ಓದಿದ ಡಾಕ್ಟರ್ ಕೂಡ ಅಲ್ಲ. ಅವರು ಪ್ರಾಣಿಶಾಸ್ತ್ರ ಓದಿದವರು. ಆದರೂ ಕಾಲರಾ ಮತ್ತು ಪ್ಲೇಗ್ ಎಂಬ ಎರಡು ಮಹಾಮಾರಿಗಳಿಗೆ ಲಸಿಕೆ ತಯಾರಿಸಿ, ಎರಡನ್ನೂ ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡು, ಆಮೇಲೆ ಭಾರತದ ಜನರ ಮುಂದೆ ಇಟ್ಟವರು.

ಅವರು ಹುಟ್ಟಿದ್ದು 1860ರ ಮಾರ್ಚ್‌ನಲ್ಲಿ, ಕಪ್ಪು ಸಮುದ್ರದ ದಡದ ಒಡೆಸ್ಸಾ ನಗರದಲ್ಲಿ. ಈಗ ಅದು ಉಕ್ರೇನ್‌ನಲ್ಲಿದೆ, ಆಗ ರಷ್ಯಾದ ಝಾರ್ ದೊರೆಯ ಆಳ್ವಿಕೆ. ತಂದೆ ವ್ಯಾಪಾರಿ, ಮನೆತನ ಯಹೂದಿ. ಆ ಕಾಲದ ರಷ್ಯಾದಲ್ಲಿ ಯಹೂದಿಯಾಗಿ ಹುಟ್ಟುವುದೆಂದರೆ ಎಲ್ಲಿ ವಾಸ ಮಾಡಬೇಕು, ಎಷ್ಟು ಓದಬೇಕು, ಯಾವ ಕೆಲಸಕ್ಕೆ ಸೇರಬೇಕು ಎಂಬುದನ್ನೆಲ್ಲ ಸರ್ಕಾರವೇ ತೀರ್ಮಾನಿಸುವ ಬದುಕು. ಹುಡುಗ ಓದಿನಲ್ಲಿ ಚುರುಕಿದ್ದ, ಒಡೆಸ್ಸಾದ ವಿಶ್ವವಿದ್ಯಾಲಯ ಸೇರಿದ. ಅಲ್ಲಿ ಸಿಕ್ಕಿದ ಗುರು ಇಲ್ಯಾ ಮೆಚ್ನಿಕೋವ್. ದೇಹದೊಳಗಿನ ಬಿಳಿ ರಕ್ತಕಣಗಳು ರೋಗಾಣುಗಳನ್ನು ಹೇಗೆ ನುಂಗುತ್ತವೆ ಎಂದು ಕಂಡುಹಿಡಿದು ಮುಂದೆ ನೊಬೆಲ್ ಪಡೆದವರು ಇವರೇ.

1881ರಲ್ಲಿ ಝಾರ್ ಎರಡನೇ ಅಲೆಕ್ಸಾಂಡರನ ಹತ್ಯೆಯಾಯಿತು. ಅದರ ಬೆನ್ನಿಗೇ ದಕ್ಷಿಣ ರಷ್ಯಾದ ಊರುಗಳಲ್ಲಿ ಯಹೂದಿಗಳ ಮನೆ, ಅಂಗಡಿಗಳ ಮೇಲೆ ಗುಂಪು ದಾಳಿ ಶುರುವಾಯಿತು. ಒಡೆಸ್ಸಾದಲ್ಲಿ ತಮ್ಮ ಬೀದಿಗಳನ್ನು ಕಾಯಲು ನಿಂತ ವಿದ್ಯಾರ್ಥಿಗಳಲ್ಲಿ ಹಾಫ್‌ಕಿನ್ ಒಬ್ಬರು. ಪೆಟ್ಟೂ ತಿಂದರು, ಜೈಲೂ ಸೇರಿದರು. ಗುರು ಮೆಚ್ನಿಕೋವ್ ಮಧ್ಯೆ ಬಂದು ಬಿಡಿಸಿಕೊಂಡರು. ಆಮೇಲೆ ಡಾಕ್ಟರೇಟ್ ಏನೋ ಸಿಕ್ಕಿತು, ಆದರೆ ವಿಶ್ವವಿದ್ಯಾಲಯದಲ್ಲಿ ಮೇಲೆ ಬರಬೇಕಾದರೆ ಧರ್ಮ ಬದಲಿಸಿ ಕ್ರೈಸ್ತರಾಗಬೇಕು. ಹಾಫ್‌ಕಿನ್ ಒಪ್ಪಲಿಲ್ಲ. ಪ್ರೊಫೆಸರ್ ಹುದ್ದೆಯ ಬಾಗಿಲು ಅಲ್ಲಿಗೆ ಮುಚ್ಚಿತು. ಊರಿನ ಪ್ರಾಣಿಶಾಸ್ತ್ರ ಮ್ಯೂಸಿಯಂನಲ್ಲಿ ಕೆಲಸ ಮಾಡುತ್ತಾ ಕೆಲವು ವರ್ಷ ಕಳೆದರು.

1888ರಲ್ಲಿ ದೇಶ ಬಿಟ್ಟರು. ಮೊದಲು ಸ್ವಿಟ್ಜರ್‌ಲ್ಯಾಂಡಿನ ಜಿನೀವಾ. ಅಷ್ಟರಲ್ಲಿ ಗುರು ಮೆಚ್ನಿಕೋವ್ ಪ್ಯಾರಿಸ್‌ನ ಪಾಸ್ಚರ್ ಸಂಸ್ಥೆ ಸೇರಿದ್ದರು. ಮರುವರ್ಷ ಶಿಷ್ಯನೂ ಅಲ್ಲಿಗೇ ಹೋದರು. ಖಾಲಿ ಇದ್ದದ್ದು ಗ್ರಂಥಪಾಲಕನ ಕೆಲಸ ಮಾತ್ರ. ಡಾಕ್ಟರೇಟ್ ಆದ ಮನುಷ್ಯ ಪುಸ್ತಕ ಜೋಡಿಸುವ ಕೆಲಸಕ್ಕೆ ಕೂತರು. ಬಿಡುವಿನಲ್ಲಿ ಲ್ಯಾಬು, ಬೇಸರವಾದರೆ ಪಿಟೀಲು. 1890ರಲ್ಲಿ ಅಲೆಕ್ಸಾಂಡರ್ ಯೆರ್ಸಿನ್ ಎಂಬ ಯುವಕ ಅಲ್ಲಿನ ಲ್ಯಾಬಿನ ಕೆಲಸ ಬಿಟ್ಟು ಹಡಗಿನ ಡಾಕ್ಟರಾಗಿ ಪೂರ್ವದ ಕಡೆ ಹೊರಟುಹೋದ. ಆ ಜಾಗ ಹಾಫ್‌ಕಿನ್‌ಗೆ ಸಿಕ್ಕಿತು. ಈ ಯೆರ್ಸಿನ್ ಹೆಸರು ನೆನಪಿರಲಿ, ಮುಂದೆ ಮತ್ತೆ ಬರುತ್ತದೆ.

ಆಗ ಜಗತ್ತಿನಲ್ಲೆಲ್ಲ ಕಾಲರಾ ಹೆದರಿಕೆ. ನಮ್ಮ ಹಿರಿಯರು ವಾಂತಿಭೇದಿ ಎಂದು ಕರೆಯುತ್ತಿದ್ದ ಕಾಯಿಲೆ ಇದೇ. ಬೆಳಗ್ಗೆ ಗಟ್ಟಿಯಾಗಿದ್ದವರು ಸಂಜೆಗೆ ಇಲ್ಲ ಎನ್ನುವ ಹಾಗೆ ಮುಗಿಸಿಬಿಡುತ್ತಿತ್ತು. ಜರ್ಮನಿಯ ರಾಬರ್ಟ್ ಕಾಖ್ 1884ರ ಹೊತ್ತಿಗೆ ಕಲ್ಕತ್ತಾದಲ್ಲಿ ಕೂತು ಇದರ ರೋಗಾಣುವನ್ನು ಬೇರ್ಪಡಿಸಿ ತೋರಿಸಿದ್ದರು. ರೋಗಾಣು ಸಿಕ್ಕಿತು, ತಡೆಯುವುದು ಹೇಗೆ? ಸ್ಪೇನಿನಲ್ಲಿ ಫೆರಾನ್ ಎಂಬ ವೈದ್ಯರು ಒಂದು ಪ್ರಯತ್ನ ಮಾಡಿದ್ದರು, ಆದರೆ ಅದರ ಲೆಕ್ಕಪತ್ರದ ಬಗ್ಗೆ ಯಾರಿಗೂ ನಂಬಿಕೆ ಬರಲಿಲ್ಲ.

ಹಾಫ್‌ಕಿನ್ ಹಿಡಿದ ದಾರಿ ಹೀಗಿತ್ತು. ಕಾಲರಾ ರೋಗಾಣುವನ್ನು ಒಂದು ಗಿನಿಪಿಗ್‌ನ ಹೊಟ್ಟೆಯಿಂದ ಇನ್ನೊಂದರ ಹೊಟ್ಟೆಗೆ, ಅದರಿಂದ ಮತ್ತೊಂದಕ್ಕೆ ಹೀಗೆ ಸಾಲಾಗಿ ದಾಟಿಸುತ್ತಾ ಹೋದರೆ ಅದರ ಬಲ ಹೆಚ್ಚುತ್ತದೆ. ಸುಮಾರು 39 ಸಲ ದಾಟಿಸಿ ಗಟ್ಟಿ ತಳಿ ಮಾಡಿಕೊಂಡರು. ಇನ್ನೊಂದು ಕಡೆ ಬೆಚ್ಚಗಿನ ಗಾಳಿಯಲ್ಲಿ ಬೆಳೆಸಿ ಬಲ ಕುಂದಿಸಿದ ತಳಿಯನ್ನೂ ಮಾಡಿದರು. ಮೊದಲು ದುರ್ಬಲ ತಳಿಯ ಒಂದು ಡೋಸ್, ಕೆಲವು ದಿನ ಬಿಟ್ಟು ಗಟ್ಟಿ ತಳಿಯ ಇನ್ನೊಂದು ಡೋಸ್. ಪ್ರಾಣಿಗಳಲ್ಲಿ ಸರಿಹೋಯಿತು. ಮನುಷ್ಯರಿಗೆ? 1892ರ ಜುಲೈ 18ರಂದು ಹಾಫ್‌ಕಿನ್ ತನಗೇ ಚುಚ್ಚಿಕೊಂಡರು. ಜ್ವರ ಬಂತು, ಹೋಯಿತು. ಆಮೇಲೆ ಕೆಲವು ಸ್ನೇಹಿತರೂ ಹಾಕಿಸಿಕೊಂಡರು.

ಪ್ಯಾರಿಸ್‌ನ ದೊಡ್ಡವರು ಹೌದಾ ಎಂದು ತಲೆ ಅಲ್ಲಾಡಿಸಿದರು ಅಷ್ಟೆ. ಫ್ರಾನ್ಸ್ ಮುಂದೆ ಬರಲಿಲ್ಲ, ರಷ್ಯಾವೂ ಬೇಡ ಅಂದಿತು. ಸಯಾಮ್, ಅಂದರೆ ಈಗಿನ ಥಾಯ್ಲೆಂಡ್‌ಗೆ ಹೋಗುವ ಆಲೋಚನೆಯೂ ಅವರಿಗೆ ಇತ್ತು. ಆಗ ಪ್ಯಾರಿಸ್‌ನಲ್ಲಿ ಬ್ರಿಟನ್ನಿನ ರಾಯಭಾರಿಯಾಗಿದ್ದವರು ಲಾರ್ಡ್ ಡಫರಿನ್, ಹಿಂದೆ ಭಾರತದ ವೈಸರಾಯ್ ಆಗಿದ್ದವರು. ಕಾಲರಾದ ತವರು ಬಂಗಾಳವೇ ಆಗಿರುವಾಗ ಅಲ್ಲಿಗೇ ಹೋಗಿ ಪರೀಕ್ಷೆ ಮಾಡಬಾರದೇಕೆ ಎಂದು ದಾರಿ ತೋರಿಸಿದವರು ಅವರೇ. ಹಾಗೆ 1893ರ ಮಾರ್ಚ್‌ನಲ್ಲಿ ಹಾಫ್‌ಕಿನ್ ಕಲ್ಕತ್ತಾದಲ್ಲಿ ಇಳಿದರು.

ಅಲ್ಲಿ ಯಾರೂ ಹೂಹಾರ ಹಿಡಿದು ನಿಂತಿರಲಿಲ್ಲ. ಸರ್ಕಾರದ ಡಾಕ್ಟರುಗಳಿಗೆ ಈತ ಡಾಕ್ಟರಲ್ಲ ಎಂಬ ತಾತ್ಸಾರ. ರಷ್ಯಾ ಮತ್ತು ಬ್ರಿಟನ್ ಮಧ್ಯೆ ಆಗ ಹೊಗೆಯಾಡುತ್ತಿದ್ದುದರಿಂದ ರಷ್ಯಾದ ಗೂಢಚಾರ ಇರಬಹುದು ಎಂಬ ಅನುಮಾನ ಬೇರೆ. ಜನರಿಗಂತೂ ಸರ್ಕಾರದ ಸೂಜಿ ಎಂದರೇ ಭಯ. ಕೈ ಹಿಡಿದವರು ಇಬ್ಬಗೆಯವರು. ಒಬ್ಬರು ಕಲ್ಕತ್ತಾ ನಗರದ ಆರೋಗ್ಯಾಧಿಕಾರಿ ಡಬ್ಲ್ಯು. ಜೆ. ಸಿಂಪ್ಸನ್. ಇನ್ನೊಂದು ಕಡೆ ಚೌಧರಿ, ಘೋಷ್, ಚಟರ್ಜಿ, ದತ್ತ ಎಂಬ ಬಂಗಾಳಿ ಡಾಕ್ಟರುಗಳು. ಬಸ್ತಿಗಳಿಗೆ ಹೋಗಿ ಜನರ ಮಾತಲ್ಲೇ ವಿವರಿಸಿದವರು ಈ ನಾಲ್ವರು. ಇವರಿಲ್ಲದಿದ್ದರೆ ಹಾಫ್‌ಕಿನ್ ಬಾಟಲಿಗಳನ್ನು ಹಾಗೇ ಪ್ಯಾರಿಸ್‌ಗೆ ವಾಪಸ್ ಒಯ್ಯಬೇಕಾಗುತ್ತಿತ್ತು ಎಂದರೆ ತಪ್ಪಲ್ಲ.

1894ರ ಮಾರ್ಚ್ ಕೊನೆಗೆ ಕಲ್ಕತ್ತಾದ ಕಟ್ಟಾಲ್ ಬಾಗಾನ್ ಎಂಬ ಬಸ್ತಿಯಲ್ಲಿ ಒಂದು ಕೆರೆಯ ಸುತ್ತ ಕಾಲರಾ ಎದ್ದಿತು. ಸುಮಾರು 200 ಜನರಿದ್ದ ಆ ಜಾಗದಲ್ಲಿ 116 ಮಂದಿ ಲಸಿಕೆ ಹಾಕಿಸಿಕೊಂಡರು. ಆಮೇಲೆ ಅಲ್ಲಿ ಕಾಯಿಲೆ ಬಿದ್ದವರೂ ಸತ್ತವರೂ ಹಾಕಿಸಿಕೊಳ್ಳದವರ ಪೈಕಿಯವರೇ. ಸುದ್ದಿ ಹರಡಿತು. ಬೇರೆ ಬಸ್ತಿಗಳವರು ತಾವಾಗಿ ಕರೆಯತೊಡಗಿದರು, ಅಸ್ಸಾಮಿನ ಟೀ ತೋಟಗಳವರೂ ಕರೆದರು.

ಹಾಫ್‌ಕಿನ್ ಅವರ ಹೆಚ್ಚುಗಾರಿಕೆ ಲಸಿಕೆ ತಯಾರಿಸಿದ್ದರಲ್ಲಿ ಎಷ್ಟೋ, ಲೆಕ್ಕ ಇಟ್ಟದ್ದರಲ್ಲೂ ಅಷ್ಟೇ. ಎಷ್ಟು ಜನರಿಗೆ ಚುಚ್ಚಿದೆವು ಎಂಬ ಒಂದೇ ಕಾಲಂ ಬರೆದು ಅವರು ಸುಮ್ಮನಾಗಲಿಲ್ಲ. ಒಂದೇ ಮನೆ, ಒಂದೇ ನೀರು, ಒಂದೇ ಅಡುಗೆ. ಅದರಲ್ಲಿ ಹಾಕಿಸಿಕೊಂಡವರು ಎಷ್ಟು, ಹಾಕಿಸದವರು ಎಷ್ಟು, ಎರಡೂ ಕಡೆ ಬಿದ್ದವರೆಷ್ಟು, ಸತ್ತವರೆಷ್ಟು. ಜಮಾ ಮತ್ತು ಖರ್ಚು ಎದುರುಬದುರು ಇಟ್ಟ ಹಾಗೆ. ವ್ಯಾಪಾರಿಯ ಮಗನಲ್ಲವಾ! ಇವತ್ತು ಯಾವ ಲಸಿಕೆ ಬಂದರೂ ಮೊದಲು ಕೇಳುವ ಪ್ರಶ್ನೆ ಇದೇ. ಆ ಕಾಲದಲ್ಲಿ ಹೀಗೆ ಕೇಳುವವರು ಕಡಿಮೆ.

ಎರಡು ವರ್ಷದಲ್ಲಿ 42 ಸಾವಿರಕ್ಕೂ ಹೆಚ್ಚು ಮಂದಿಗೆ ಕಾಲರಾ ಲಸಿಕೆ ಹಾಕಿಯಾಯಿತು. ಊರೂರು ಸುತ್ತಿದ್ದಕ್ಕೆ ಸಿಕ್ಕಿದ ಕೂಲಿ ಮಲೇರಿಯಾ. 1895ರಲ್ಲಿ ಆರೋಗ್ಯ ಕೆಟ್ಟು ಇಂಗ್ಲೆಂಡಿಗೆ ಹೋಗಬೇಕಾಯಿತು. ಡಾಕ್ಟರುಗಳು ಹಿಂದಿರುಗಬೇಡಿ ಅಂದರೂ ಮರುವರ್ಷ ಮತ್ತೆ ಬಂದರು.

ಬಂದ ಕೆಲವೇ ತಿಂಗಳಿಗೆ ಬೊಂಬಾಯಿಯಲ್ಲಿ ಪ್ಲೇಗ್.

1896ರ ಸೆಪ್ಟೆಂಬರ್. ಬಂದರಿನ ಹತ್ತಿರದ ಮಾಂಡ್ವಿಯಲ್ಲಿ, ಧಾನ್ಯದ ಗೋದಾಮುಗಳ ಮಧ್ಯೆ, ಜನ ಜ್ವರ ಬಂದು ತೊಡೆಸಂದಿಯಲ್ಲಿ, ಕಂಕುಳಲ್ಲಿ ಗಡ್ಡೆಯೆದ್ದು ಸಾಯತೊಡಗಿದರು. ಇದು ಪ್ಲೇಗ್ ಎಂದು ಮೊದಲು ಗಟ್ಟಿಯಾಗಿ ಹೇಳಿದವರು ಗೋವಾ ಮೂಲದ ಡಾಕ್ಟರ್ ಅಕಾಸಿಯೊ ವಿಯೆಗಸ್. ರೋಗಾಣು ಯಾವುದೆಂದು ಎರಡು ವರ್ಷ ಮೊದಲೇ ಗೊತ್ತಾಗಿತ್ತು. 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಪ್ಲೇಗ್ ಬಂದಾಗ ಜಪಾನಿನ ಕಿಟಾಸಾಟೊ ಮತ್ತು ಫ್ರೆಂಚರ ಕಡೆಯಿಂದ ಹೋದವರೊಬ್ಬರು ಬೇರೆಬೇರೆಯಾಗಿ ಅದನ್ನು ಹುಡುಕಿದ್ದರು. ಆ ಫ್ರೆಂಚ್ ಕಡೆಯವರೇ ಯೆರ್ಸಿನ್, ಪಾಸ್ಚರ್ ಸಂಸ್ಥೆಯಲ್ಲಿ ಹಾಫ್‌ಕಿನ್‌ಗೆ ತನ್ನ ಕುರ್ಚಿ ಬಿಟ್ಟುಹೋದ ಹುಡುಗ. ಇವತ್ತು ರೋಗಾಣುವಿನ ಶಾಸ್ತ್ರೀಯ ಹೆಸರಿನಲ್ಲಿ ಇರುವುದೂ ಅವರ ಹೆಸರೇ.

ಊರಿಗೆ ಊರೇ ಬೊಂಬಾಯಿ ಬಿಟ್ಟು ಓಡುತ್ತಿತ್ತು. ಸರ್ಕಾರಕ್ಕೆ ಚಿಂತೆ ಸಾವಿನದ್ದು ಎಷ್ಟೋ, ವ್ಯಾಪಾರದ್ದೂ ಅಷ್ಟೇ. ಭಾರತದ ಹಡಗುಗಳನ್ನು ಯುರೋಪಿನ ಬಂದರುಗಳು ಸೇರಿಸದಿದ್ದರೆ ಹತ್ತಿ, ಧಾನ್ಯ, ಚರ್ಮದ ಗತಿಯೇನು? 1897ರಲ್ಲಿ ವೆನಿಸ್‌ನಲ್ಲಿ ಹಲವು ದೇಶಗಳು ಸೇರಿ ಪ್ಲೇಗ್ ತಡೆಗೆ ನಿಯಮ ಮಾಡಿದವು. ಹಜ್ ಯಾತ್ರಿಕರ ಹಡಗುಗಳ ಮೇಲೂ ಅದರ ಕಣ್ಣು. ಆ ವರ್ಷ ಬೊಂಬಾಯಿಯಿಂದ ಹಜ್ ಪ್ರಯಾಣಕ್ಕೇ ತಡೆ ಬಿತ್ತು. ಒಳಗೆ ಹೊಸ ಸಾಂಕ್ರಾಮಿಕ ರೋಗ ಕಾಯ್ದೆ: ಮನೆ ಹೊಕ್ಕು ಹುಡುಕುವುದು, ಕಾಯಿಲೆಯವರನ್ನು ಎಳೆದೊಯ್ಯುವುದು, ಸಾಮಾನು ಸುಡುವುದು. ಪುಣೆಯಲ್ಲಿ ಈ ದಬ್ಬಾಳಿಕೆ ಎಲ್ಲಿಯವರೆಗೆ ಹೋಯಿತೆಂದರೆ, 1897ರ ಜೂನ್‌ನಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್ ಅವರ ಕೊಲೆಯೇ ಆಯಿತು.

ಹಾಫ್‌ಕಿನ್ ಬೊಂಬಾಯಿ ತಲುಪಿದ್ದು 1896ರ ಅಕ್ಟೋಬರ್ ಮೊದಲ ವಾರ. ಬೈಕುಳದ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಒಂದು ಕೋಣೆ, ಒಂದು ವರಾಂಡ ಕೊಟ್ಟರು. ಸಿಬ್ಬಂದಿ ಎಂದರೆ ಒಬ್ಬ ಗುಮಾಸ್ತ, ಮೂವರು ಪ್ಯೂನ್‌ಗಳು. ಇಷ್ಟರಲ್ಲಿ ಜಗತ್ತಿನ ಮೊದಲ ಪ್ಲೇಗ್ ಲಸಿಕೆ ತಯಾರಾಗಬೇಕು.

ಇಲ್ಲಿ ತುಪ್ಪದ ಪ್ರವೇಶ. ರೋಗಾಣುವನ್ನು ಸಾರಿನಲ್ಲಿ ಬೆಳೆಸುವಾಗ ಮೇಲೆ ಒಂದಿಷ್ಟು ತುಪ್ಪ ತೇಲಿಬಿಟ್ಟರೆ, ತುಪ್ಪದ ಹನಿಗಳ ಅಡಿಯಿಂದ ರೋಗಾಣುಗಳು ಗುಹೆಯ ಛಾವಣಿಯಿಂದ ಇಳಿಯುವ ಕಲ್ಲಿನ ಎಳೆಗಳ ಹಾಗೆ ಇಳಿದು ಬೆಳೆಯುತ್ತವೆ ಎಂಬುದನ್ನು ಹಾಫ್‌ಕಿನ್ ಗಮನಿಸಿದರು. ಫ್ಲಾಸ್ಕ್ ಅಲ್ಲಾಡಿಸಿದರೆ ಎಳೆಗಳು ಉದುರುತ್ತವೆ, ಮತ್ತೆ ಹೊಸದು ಬೆಳೆಯುತ್ತದೆ. ಹೀಗೆ ಆರು ವಾರದಲ್ಲಿ ದಟ್ಟ ಬೆಳೆ. ಹಂದಿ, ದನದ ಮಾಂಸದ ಸಾರು ಬಳಸಿದರೆ ಮುಸ್ಲಿಮರೂ ಹಿಂದೂಗಳೂ ಹತ್ತಿರ ಬರುವುದಿಲ್ಲ ಎಂದು ತಿಳಿದು ಆಡಿನ ಮಾಂಸದಿಂದ ಸಾರು ಮಾಡಿಸಿದರು. ಬೆಳೆದದ್ದನ್ನು ಬಿಸಿ ಮಾಡಿ ರೋಗಾಣುಗಳನ್ನು ಕೊಂದು, ಕೆಡದಂತೆ ಸ್ವಲ್ಪ ಕಾರ್ಬಾಲಿಕ್ ಆಸಿಡ್ ಬೆರೆಸಿದರೆ ಲಸಿಕೆ ತಯಾರು. ಕಾಲರಾ ಲಸಿಕೆಯಲ್ಲಿ ಇದ್ದದ್ದು ಜೀವಂತ ರೋಗಾಣು, ಇದರಲ್ಲಿ ಸತ್ತದ್ದು. ಅಷ್ಟರಮಟ್ಟಿಗೆ ಅಪಾಯ ಕಡಿಮೆ.

1897ರ ಜನವರಿ 10ರಂದು ಅವರು 10 ಸಿಸಿ ತನಗೇ ಹಾಕಿಸಿಕೊಂಡರು. ಮುಂದೆ ಜನರಿಗೆ ಕೊಟ್ಟ ಡೋಸ್‌ಗಿಂತ ಅದು ಮೂರು ಪಾಲು ಹೆಚ್ಚು. ಜೋರು ಜ್ವರ, ನೋವು. ಕೆಲವು ದಿನದಲ್ಲಿ ಸುಧಾರಿಸಿಕೊಂಡು ಎದ್ದರು. ಬಳಿಕ ಕಾಲೇಜಿನ ಡಾಕ್ಟರುಗಳು, ವಿದ್ಯಾರ್ಥಿಗಳು ತೋಳು ಕೊಟ್ಟರು. ಅದೇ ತಿಂಗಳ ಕೊನೆಗೆ ಬೈಕುಳ ಜೈಲಿನೊಳಗೆ ಪ್ಲೇಗ್ ನುಗ್ಗಿತು. ಕೈದಿಗಳಲ್ಲಿ ಒಪ್ಪಿದ ಸುಮಾರು ಅರ್ಧ ಜನರಿಗೆ ಲಸಿಕೆ, ಉಳಿದವರಿಗೆ ಇಲ್ಲ. ಹಾಕಿಸಿಕೊಳ್ಳದವರಲ್ಲಿ 12 ಮಂದಿಗೆ ಪ್ಲೇಗ್ ಬಂತು, 6 ಸಾವು. ಹಾಕಿಸಿಕೊಂಡವರಲ್ಲಿ 2 ಮಂದಿಗೆ ಬಂತು, ಸಾವು ಇಲ್ಲ. ಜೈಲಿನ ಕೈದಿಯ ಒಪ್ಪಿಗೆ ಎಷ್ಟರ ಮಟ್ಟಿನ ಒಪ್ಪಿಗೆ ಎಂಬ ಪ್ರಶ್ನೆ ಇಂದು ನಮಗೆ ಬರುತ್ತದೆ, ಬರಬೇಕಾದದ್ದೇ. ಆಗ ಅದನ್ನು ಕೇಳಿದವರು ಕಡಿಮೆ.

ಲೆಕ್ಕ ಚೆನ್ನಾಗಿದ್ದರೆ ಸಾಕೇ? ಜನ ನಂಬಬೇಕಲ್ಲ. ಲಸಿಕೆ ಹಾಕಿಸಿದರೆ ಗಂಡಸುತನ ಹೋಗುತ್ತದೆ, ಜಾತಿ ಕೆಡುತ್ತದೆ, ಇದು ಕೊಲ್ಲಲು ಮಾಡಿದ ಉಪಾಯ ಹೀಗೆ ನೂರೆಂಟು ಮಾತು. ಕೊರೋನ ಕಾಲದ ವಾಟ್ಸಪ್ ಫಾರ್ವರ್ಡುಗಳನ್ನು ನೋಡಿದವರಿಗೆ ಇದು ಹೊಸತೇನಲ್ಲ. ಇಲ್ಲಿ ಮುಂದೆ ಬಂದವರು ಖೋಜಾ ಸಮುದಾಯದ ಇಮಾಮರಾದ ಮೂರನೇ ಆಗಾ ಖಾನ್, ಸುಲ್ತಾನ್ ಮುಹಮ್ಮದ್ ಶಾ. ವಯಸ್ಸು ಆಗ ಇಪ್ಪತ್ತರ ಆಸುಪಾಸು. ಅವರು ಭಾಷಣ ಮಾಡಿ ಸುಮ್ಮನಾಗಲಿಲ್ಲ. ತನ್ನ ಜನರ ಎದುರಿಗೇ ಲಸಿಕೆ ಹಾಕಿಸಿಕೊಂಡರು, ಒಂದಲ್ಲ, ಹಲವು ಸಲ. ಲ್ಯಾಬಿಗೆ ಜಾಗ ಸಾಲದಾದಾಗ ತನ್ನ ಖುಶ್ರು ಲಾಡ್ಜ್ ಎಂಬ ಬಂಗಲೆಯನ್ನೇ ಬಿಟ್ಟುಕೊಟ್ಟರು. ಖೋಜಾಗಳಲ್ಲಿ ಸಾವಿರಾರು ಮಂದಿ ಸಾಲು ನಿಂತರು. ಪೊಲೀಸರ ಲಾಠಿಗೆ ಆಗದ ಕೆಲಸ ಒಬ್ಬ ಹುಡುಗನ ತೋಳಿನಿಂದ ಆಯಿತು.

ಆ ಒಂದೆರಡು ವರ್ಷ ಬೊಂಬಾಯಿ ಎಂದರೆ ಜಗತ್ತಿನ ರೋಗವಿಜ್ಞಾನಿಗಳ ಸಂತೆ. ಜರ್ಮನಿಯಿಂದ ಗಾಫ್ಕಿ ಮತ್ತು ಕಾಖ್ ಬಂದರು. ಆಸ್ಟ್ರಿಯಾ, ರಷ್ಯಾ, ಈಜಿಪ್ಟ್‌ಗಳಿಂದಲೂ ತಂಡಗಳು ಬಂದವು. ಯೆರ್ಸಿನ್ ತನ್ನ ಸೀರಮ್ ಹಿಡಿದುಕೊಂಡು ಬಂದರು, ಅದು ಅಷ್ಟಾಗಿ ಫಲ ಕೊಡಲಿಲ್ಲ. ಅವರ ಜಾಗಕ್ಕೆ ಬಂದ ಪಾಲ್ ಲೂಯಿ ಸಿಮೋಂ 1898ರಲ್ಲಿ ಕರಾಚಿಯ ಹೋಟೆಲ್ ಕೋಣೆಯಲ್ಲಿ ಪ್ರಯೋಗ ಮಾಡಿ, ಇಲಿಯಿಂದ ಇಲಿಗೆ ಪ್ಲೇಗ್ ದಾಟಿಸುವುದು ಅದರ ಮೈಮೇಲಿನ ಚಿಗಟ ಎಂದು ತೋರಿಸಿದರು. ಹಲವು ವರ್ಷ ಯಾರೂ ಒಪ್ಪಲಿಲ್ಲ. ಆಸ್ಟ್ರಿಯಾ ತಂಡದ ಯುವ ಡಾಕ್ಟರ್ ಹರ್ಮನ್ ಮ್ಯುಲ್ಲರ್ ಊರಿಗೆ ಹೋದ ಮೇಲೆ, 1898ರಲ್ಲಿ ವಿಯೆನ್ನಾದ ಲ್ಯಾಬಿನಿಂದ ಹಬ್ಬಿದ ಪ್ಲೇಗ್‌ಗೆ ರೋಗಿಯ ಆರೈಕೆ ಮಾಡುತ್ತಲೇ ಬಲಿಯಾದರು. ಇವರೆಲ್ಲರ ದೇಶಗಳು ಒಂದಕ್ಕೊಂದು ಹಲ್ಲು ಕಡಿಯುತ್ತಿದ್ದವು. ಇವರು ಮಾತ್ರ ಬೊಂಬಾಯಿಯಲ್ಲಿ ಒಬ್ಬರ ಟಿಪ್ಪಣಿ ಇನ್ನೊಬ್ಬರು ನೋಡುತ್ತಿದ್ದರು.

ಬರೋಡಾ ಸಂಸ್ಥಾನದ ಉಂಧೇರಾ ಎಂಬ ಹಳ್ಳಿಯಲ್ಲಿ 1898ರಲ್ಲಿ ನಡೆದ ಪರೀಕ್ಷೆ ಹಾಫ್‌ಕಿನ್ ಲೆಕ್ಕದ ಅತ್ಯುತ್ತಮ ಪುಟ. ಪ್ರತಿ ಮನೆಯಲ್ಲೂ ಅರ್ಧದಷ್ಟು ಜನರಿಗೆ ಮಾತ್ರ ಲಸಿಕೆ. ಆಮೇಲೆ ಪ್ಲೇಗ್ ಹೊಕ್ಕ 28 ಮನೆಗಳ ಲೆಕ್ಕ ತೆಗೆದರು. ಲಸಿಕೆ ಹಾಕಿಸಿದ 71 ಮಂದಿಯಲ್ಲಿ ಸತ್ತವರು 3. ಹಾಕಿಸದ 64 ಮಂದಿಯಲ್ಲಿ ಸತ್ತವರು 26.

ಅದೇ ವರ್ಷ ಪ್ಲೇಗ್ ಕನ್ನಡ ನಾಡಿಗೂ ಇಳಿಯಿತು. ಹುಬ್ಬಳ್ಳಿ, ಧಾರವಾಡ, ಬೆಂಗಳೂರು. ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನ ಊರು, ಅಲ್ಲಿ 30 ಸಾವಿರಕ್ಕೂ ಹೆಚ್ಚು ಜನ ಹಾಫ್‌ಕಿನ್ ಲಸಿಕೆ ಹಾಕಿಸಿಕೊಂಡರು. ಒಂದು ಊರಿನಲ್ಲಿ ಇಷ್ಟು ದೊಡ್ಡ ಮಟ್ಟದಲ್ಲಿ ನಡೆದ ಮೊದಲ ಪ್ರಯೋಗಗಳಲ್ಲಿ ಅದೂ ಒಂದು. ಬೆಂಗಳೂರಿನಲ್ಲಿ ಪೇಟೆಯ ಇಕ್ಕಟ್ಟು ಬಿಡಿಸಲೆಂದು ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದದ್ದು ಈ ಪ್ಲೇಗ್ ಕಾಲದಲ್ಲೇ. ಪ್ಲೇಗಮ್ಮನ ಗುಡಿಗಳೂ ಆಗಿನವೇ.

1899ರ ಆಗಸ್ಟ್‌ನಲ್ಲಿ ಪರೇಲ್‌ನ ಹಳೆಯ ಗವರ್ನರ್ ಬಂಗಲೆ ಪ್ಲೇಗ್ ಸಂಶೋಧನಾ ಪ್ರಯೋಗಾಲಯವಾಯಿತು, ಹಾಫ್‌ಕಿನ್ ಅದರ ಮುಖ್ಯಸ್ಥರು. ರಾಣಿ ವಿಕ್ಟೋರಿಯಾಳಿಂದ ಬಿರುದು, ಬ್ರಿಟಿಷ್ ಪೌರತ್ವ ಎಲ್ಲ ಬಂತು. ಸರ್ಕಾರ ನೇಮಿಸಿದ ಪ್ಲೇಗ್ ಆಯೋಗ ಮಾತ್ರ ಲಸಿಕೆ ಒಳ್ಳೆಯದೇ, ಆದರೆ ಡೋಸ್ ಅಳತೆ ಸರಿಯಿಲ್ಲ, ದಾಖಲೆ ಸರಿಯಿಲ್ಲ ಎಂದು ಕೊಕ್ಕೆ ಹಾಕಿತು. ಅದರಲ್ಲಿ ಸ್ವಲ್ಪ ನಿಜವೂ ಇತ್ತು ಎನ್ನಬೇಕು. ಬೇಡಿಕೆ ಏರುತ್ತಿದ್ದ ವೇಗಕ್ಕೆ ಬಾಟಲಿ ತುಂಬುವುದೇ ದೊಡ್ಡ ಕೆಲಸವಾಗಿತ್ತು.

ಆಮೇಲೆ ಬಂತು ಮುಲ್ಕೋವಾಲ್.

1902ರಲ್ಲಿ ಪಂಜಾಬ್ ಸರ್ಕಾರ ಲಕ್ಷಗಟ್ಟಲೆ ಡೋಸ್ ಕೇಳಿತು. ಬೇಗ ಬೇಗ ತಯಾರಿಸಲು ಹಾಫ್‌ಕಿನ್ ಕಾರ್ಬಾಲಿಕ್ ಆಸಿಡ್ ಬಿಟ್ಟು, ಬಿಸಿಯಿಂದ ಮಾತ್ರ ಶುದ್ಧ ಮಾಡುವ ಕ್ರಮಕ್ಕೆ ಹೋಗಿದ್ದರು. ಪಾಸ್ಚರ್ ಸಂಸ್ಥೆಯಲ್ಲೂ ಅದೇ ರೂಢಿ. ಅಕ್ಟೋಬರ್ 30ರಂದು ಮುಲ್ಕೋವಾಲ್ ಗ್ರಾಮದಲ್ಲಿ 107 ಮಂದಿಗೆ ಐದು ಬಾಟಲಿಗಳಿಂದ ಲಸಿಕೆ ಹಾಕಿದರು. ಒಂದು ವಾರ ಕಳೆಯುವಷ್ಟರಲ್ಲಿ ಒಂದೇ ಬಾಟಲಿಯಿಂದ ಹಾಕಿಸಿಕೊಂಡ 19 ಮಂದಿಗೆ ಧನುರ್ವಾಯು. ಹತ್ತೊಂಬತ್ತೂ ಮಂದಿ ಸತ್ತರು. ಬಾಟಲಿಯ ನಂಬರ್ 53ಎನ್. ಉಳಿದ ನಾಲ್ಕು ಬಾಟಲಿಯವರಿಗೆ ಏನೂ ಆಗಲಿಲ್ಲ.

ಪ್ಲೇಗ್ ತಡೆಯಲೆಂದು ತೋಳು ಚಾಚಿದ ಹಳ್ಳಿಯವರು, ಸಾಯಲು ಬಂದವರಲ್ಲ. ಹತ್ತೊಂಬತ್ತು ಮನೆಗಳ ದುಃಖಕ್ಕೆ ಯಾರಾದರೂ ಉತ್ತರ ಹೇಳಲೇಬೇಕಿತ್ತು. ಪ್ರಶ್ನೆ ಇಷ್ಟೆ: ವಿಷ ಸೇರಿದ್ದು ಪರೇಲ್‌ನಲ್ಲಿ ಬಾಟಲಿ ತುಂಬುವಾಗಲೋ, ಮುಲ್ಕೋವಾಲ್‌ನಲ್ಲಿ ಬಾಟಲಿ ತೆರೆಯುವಾಗಲೋ? ಬೊಂಬಾಯಿಯ ಮುಖ್ಯ ನ್ಯಾಯಾಧೀಶ ಲಾರೆನ್ಸ್ ಜೆಂಕಿನ್ಸ್ ಅವರ ನೇತೃತ್ವದ ಆಯೋಗ ಪರೇಲ್ ಕಡೆಗೆ ಬೆರಳು ತೋರಿಸಿತು. ಕಾರ್ಬಾಲಿಕ್ ಬಿಟ್ಟದ್ದೇ ತಪ್ಪು ಎಂದಿತು. ಹಾಫ್‌ಕಿನ್ ಹುದ್ದೆಯಿಂದ ಹೊರಬಿದ್ದರು, ಸಂಬಳವೂ ಇಲ್ಲ. 1904ರಲ್ಲಿ ದೇಶ ಬಿಟ್ಟು ಲಂಡನ್‌ಗೆ ಹೋದರು. ಯಹೂದಿ, ವಿದೇಶಿ, ಡಾಕ್ಟರೂ ಅಲ್ಲ. ತಪ್ಪು ಹೊರಿಸಲು ಅದಕ್ಕಿಂತ ಸುಲಭದ ತಲೆ ಎಲ್ಲಿ ಸಿಗಬೇಕು. ಫ್ರಾನ್ಸಿನಲ್ಲಿ ಸುಳ್ಳು ಆರೋಪ ಹೊತ್ತ ಯಹೂದಿ ಸೇನಾಧಿಕಾರಿ ಡ್ರೇಫಸ್ ಪ್ರಕರಣಕ್ಕೆ ಇದನ್ನು ಹೋಲಿಸಿದವರೂ ಇದ್ದಾರೆ.

ಲಸಿಕೆ ಕಂಡುಹಿಡಿಯುವಾಗ ಎಷ್ಟು ಜನರ ಕೈ ಇತ್ತು ನೋಡಿ. ರಷ್ಯಾದ ಗುರು, ಫ್ರೆಂಚ್ ಲ್ಯಾಬು, ಜರ್ಮನಿಯ, ಜಪಾನಿನ ಸಂಶೋಧನೆ, ಬಂಗಾಳಿ ಡಾಕ್ಟರುಗಳು, ಆಗಾ ಖಾನರ ಬಂಗಲೆ, ಬ್ರಿಟಿಷರ ದುಡ್ಡು. ಬಿರುದು ಕೊಡುವಾಗ ಸಾಮ್ರಾಜ್ಯವೂ ಪಕ್ಕದಲ್ಲಿ ನಿಂತು ಫೋಟೋಕ್ಕೆ ಮುಖ ಕೊಟ್ಟಿತು. ನಷ್ಟ ಬಂದಾಗ ಮಾತ್ರ ಪಾಲುದಾರರೆಲ್ಲ ಮಾಯ, ಖಾತೆ ಒಬ್ಬರ ಹೆಸರಿಗೆ.

ಎಲ್ಲರೂ ಮಾಯ ಎನ್ನುವುದೂ ಪೂರ್ತಿ ನಿಜವಲ್ಲ. ಕಲ್ಕತ್ತಾದ ಹಳೆಯ ಸ್ನೇಹಿತ ಸಿಂಪ್ಸನ್ ಬಿಡಲಿಲ್ಲ. ಸರ್ ರೊನಾಲ್ಡ್ ರಾಸ್ ಅಖಾಡಕ್ಕಿಳಿದರು. ಮಲೇರಿಯಾ ಹರಡುವುದು ಸೊಳ್ಳೆ ಎಂದು ಸಾಧಿಸಿ ನೊಬೆಲ್ ಪಡೆದ ರಾಸ್ ಹುಟ್ಟಿದ್ದು ಅಲ್ಮೋರಾದಲ್ಲಿ. 1895ರಲ್ಲಿ ಬೆಂಗಳೂರಿಗೆ ಬಂದು ಕಾಲರಾ ತಡೆಯುವ ಕೆಲಸವನ್ನೂ ಮಾಡಿದ್ದವರು. ಅವರ ವಾದ ನೇರ. ಧನುರ್ವಾಯುವಿನ ರೋಗಾಣು ಬಾಟಲಿಯಲ್ಲಿ ವಾರಗಟ್ಟಲೆ ಬೆಳೆದಿದ್ದರೆ ತೆರೆದ ಕೂಡಲೇ ಕೊಳೆತ ನಾತ ಬರಬೇಕಿತ್ತು. ಬಾಟಲಿ ತೆರೆದವರು ಅಂಥ ನಾತ ಕಂಡಿರಲಿಲ್ಲ. ಅಷ್ಟು ವಿಷ ಮೊದಲೇ ಇದ್ದಿದ್ದರೆ ಕಾಯಿಲೆ ಇನ್ನೂ ಬೇಗ ಕಾಣಿಸಿಕೊಳ್ಳಬೇಕಿತ್ತು. ಮೇಲಾಗಿ ಮುಲ್ಕೋವಾಲ್‌ನಲ್ಲಿ ಬಾಟಲಿಯ ಬಿರಡೆ ತೆಗೆಯುವ ಇಕ್ಕಳ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧ ಮಾಡದೆ ಬಳಸಲಾಗಿತ್ತು ಎಂಬುದು ಸಾಕ್ಷ್ಯದಲ್ಲೇ ಇತ್ತು. ಹಳ್ಳಿಯ ಮಣ್ಣಿನಲ್ಲಿ, ದನದ ಸೆಗಣಿಯಲ್ಲಿ ಧನುರ್ವಾಯುವಿನ ಬೀಜ ಇರುವುದು ಈಗ ಎಲ್ಲರಿಗೂ ಗೊತ್ತಿರುವ ಸಂಗತಿ.

1907ರ ಜುಲೈನಲ್ಲಿ ರಾಸ್ ಸೇರಿ ಹತ್ತು ಮಂದಿ ವಿಜ್ಞಾನಿಗಳು ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಬರೆದರು. ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಎದ್ದಿತು. ಆ ವರ್ಷದ ಕೊನೆಗೆ ಸರ್ಕಾರ ಹಾಫ್‌ಕಿನ್ ಅವರನ್ನು ಆರೋಪದಿಂದ ಬಿಟ್ಟು ಮತ್ತೆ ಕೆಲಸಕ್ಕೆ ಕರೆಯಿತು. ಆದರೆ ನಡುವಿನ ವರ್ಷಗಳು? ಮುಲ್ಕೋವಾಲ್ ಸುದ್ದಿ ಕೇಳಿದ ಪಂಜಾಬಿನ ಹಳ್ಳಿಗಳು ಲಸಿಕೆಯಿಂದ ದೂರ ಸರಿದಿದ್ದವು. 1907ರ ಒಂದೇ ವರ್ಷ ದೇಶದಲ್ಲಿ 10 ಲಕ್ಷಕ್ಕೂ ಹೆಚ್ಚು ಮಂದಿ ಪ್ಲೇಗ್‌ನಿಂದ ಸತ್ತರು, ಅತಿ ಹೆಚ್ಚು ಪೆಟ್ಟು ಪಂಜಾಬಿಗೇ. ಈ ನಷ್ಟದ ಲೆಕ್ಕ ಯಾವ ಆಯೋಗವೂ ಬರೆದಿಡಲಿಲ್ಲ.

ಹಾಫ್‌ಕಿನ್ ಭಾರತಕ್ಕೆ ಬಂದರು. ಪರೇಲ್‌ನ ಕುರ್ಚಿಯಲ್ಲಿ ಬೇರೆಯವರಿದ್ದರು. ಕಲ್ಕತ್ತಾದಲ್ಲಿ ಸಣ್ಣ ಲ್ಯಾಬು ಕೊಟ್ಟರು, ಜನರ ಮೇಲೆ ಲಸಿಕೆ ಪರೀಕ್ಷೆ ಮಾಡುವ ಅನುಮತಿ ಮಾತ್ರ ಕೊಡಲಿಲ್ಲ. ಸತ್ತ ರೋಗಾಣುವಿನಿಂದ ಹೊಸ ಕಾಲರಾ ಲಸಿಕೆ ಮಾಡುತ್ತೇನೆ, ಪರೀಕ್ಷಿಸಲು ಬಿಡಿ ಎಂದು ಕೇಳಿದರೂ ಆಗಲಿಲ್ಲ. ಬಾಯಲ್ಲಿ ನಿರಪರಾಧಿ ಅಂದು, ಕಾಗದದಲ್ಲಿ ನಂಬದೆ ಇರುವುದು ಸರ್ಕಾರಿ ಕಚೇರಿಗಳ ಹಳೆಯ ಕ್ರಮ. ನಿವೃತ್ತಿಯ ವಯಸ್ಸು ಬಂದ ಕೂಡಲೇ ಅವರು ಯುರೋಪಿಗೆ ಹೊರಟರು.

ಆಮೇಲಿನ ಬದುಕು ಫ್ರಾನ್ಸಿನಲ್ಲಿ, ಕೊನೆಗೆ 1928ರಿಂದ ಸ್ವಿಟ್ಜರ್‌ಲ್ಯಾಂಡಿನ ಲೋಸಾನ್‌ನಲ್ಲಿ. ಮದುವೆಯಾಗಲಿಲ್ಲ. ಯೌವನದಲ್ಲಿ ಹುದ್ದೆಗಾಗಿ ಬಿಡಲೊಪ್ಪದ ಧರ್ಮವನ್ನು ವಯಸ್ಸಾದ ಮೇಲೆ ಇನ್ನೂ ಗಟ್ಟಿಯಾಗಿ ಹಿಡಿದರು, ಅದರ ಆಚರಣೆಯ ಪರವಾಗಿ ಬರೆದರು.

1925ರಲ್ಲಿ ಪರೇಲ್‌ನ ಪ್ರಯೋಗಾಲಯಕ್ಕೆ ಹಾಫ್‌ಕಿನ್ ಹೆಸರು ಇಟ್ಟರು. 1897ರಿಂದ ಆ ವರ್ಷದವರೆಗೆ ಅಲ್ಲಿಂದ ಹೊರಟ ಪ್ಲೇಗ್ ಲಸಿಕೆ 2 ಕೋಟಿ 60 ಲಕ್ಷ ಡೋಸ್. 1932ರಲ್ಲಿ ಸಾಹಿಬ್ ಸಿಂಗ್ ಸೋಖಿ ಅದರ ಮೊದಲ ಭಾರತೀಯ ನಿರ್ದೇಶಕರಾದರು. ಅದನ್ನು ನೋಡಲು ಹಾಫ್‌ಕಿನ್ ಇರಲಿಲ್ಲ. 1930ರ ಅಕ್ಟೋಬರ್‌ನಲ್ಲಿ, 70ನೇ ವಯಸ್ಸಿನಲ್ಲಿ, ಲೋಸಾನ್‌ನಲ್ಲಿ ಅವರು ತೀರಿಕೊಂಡಿದ್ದರು. ಕೂಡಿಟ್ಟ ಹಣವನ್ನೆಲ್ಲ ಪೂರ್ವ ಯುರೋಪಿನ ಯಹೂದಿ ಪಾಠಶಾಲೆಗಳ ಬಡ ಮಕ್ಕಳ ಓದಿಗೆ ಬರೆದಿಟ್ಟಿದ್ದರು. ಭಾರತ ಸರ್ಕಾರ 1964ರಲ್ಲಿ ಅವರ ಚಿತ್ರವಿರುವ ಅಂಚೆಚೀಟಿ ತಂದಿತು.